ಸ್ಕ್ರ್ಯಾಪ್‌ಬುಕ್: ಉಡುಗೊರೆಗೆ ಕಟ್ಟುವ ನೆನಪಿನ ಆಲ್ಬಂ

ಫೋಟೊ, ಪತ್ರ, ಟಿಕೆಟ್, ಲಗ್ನಪತ್ರಿಕೆ, ಪತ್ರಿಕೆಯ ತುಣುಕು, ಒಣಗಿಸಿದ ಹೂವು ಮುಂತಾದ ಚಪ್ಪಟೆ ವಸ್ತುಗಳನ್ನು ಖಾಲಿ ಹಾಳೆಗಳ ಮೇಲೆ ಕ್ರಮವಾಗಿ ಜೋಡಿಸಿ, ಪಕ್ಕದಲ್ಲಿ ವಿವರ ಬರೆದು ಕಟ್ಟಿದ ಪುಸ್ತಕವೇ ಸ್ಕ್ರ್ಯಾಪ್‌ಬುಕ್. ಇಂಗ್ಲಿಷಿನಲ್ಲಿ ಸ್ಕ್ರ್ಯಾಪ್ ಎಂದರೆ ಚೂರು. ಪುಸ್ತಕಕ್ಕೆ ಈ ಹೆಸರು 19ನೆಯ ಶತಮಾನದ ಮೊದಲ ಭಾಗದಲ್ಲಿ ಬಳಕೆಗೆ ಬಂತು. ಫೋಟೊ ಆಲ್ಬಂ ಇದರ ಹತ್ತಿರದ ಸಂಬಂಧಿ. ಆಲ್ಬಮಿಗೆ ಚಿತ್ರವಿದ್ದರೆ ಸಾಕು. ಸ್ಕ್ರ್ಯಾಪ್‌ಬುಕ್ಕಿಗೆ ಚಿತ್ರದ ಜೊತೆಗೆ ಕೈಬರಹವೂ ಅದನ್ನು ಕಟ್ಟಿದವರ ಆಯ್ಕೆಯೂ ಬೇಕು.

ಉಡುಗೊರೆಯಾಗಿ ಇದನ್ನು ಎರಡು ರೀತಿಯಲ್ಲಿ ಕೊಡುವುದುಂಟು. ಒಂದು, ಪೂರ್ತಿ ಕಟ್ಟಿ ಮುಗಿಸಿದ ಆಲ್ಬಂ. ಇನ್ನೊಂದು, ಖಾಲಿ ಆಲ್ಬಂ, ಕಾಗದ, ಅಂಟು, ಕತ್ತರಿಗಳನ್ನು ಒಟ್ಟುಗೂಡಿಸಿದ ಸಾಮಗ್ರಿಯ ಪೆಟ್ಟಿಗೆ. ಎರಡಕ್ಕೂ ದೊಡ್ಡ ಖರ್ಚಿಲ್ಲ, ಚಿತ್ರಕಲೆಯ ತರಬೇತಿಯೂ ಬೇಕಿಲ್ಲ. ಬೇಕಾದದ್ದು ಕೆಲವು ಗಂಟೆಗಳ ಬಿಡುವು ಮತ್ತು ಉಡುಗೊರೆ ಪಡೆಯುವವರ ಬಗ್ಗೆ ಒಂದಷ್ಟು ತಿಳಿವಳಿಕೆ. ಪುಟದ ಅಲಂಕಾರ ಎಷ್ಟೇ ಸರಳವಾಗಿರಲಿ, ಚಿತ್ರದಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ ಎಂಬ ಮೂರು ವಿವರಗಳು ಅಲ್ಲಿದ್ದರೆ ಆ ಪುಸ್ತಕ ಎರಡು ಮೂರು ತಲೆಮಾರಿಗೆ ಉಪಯುಕ್ತವಾಗಿ ಉಳಿಯುತ್ತದೆ.

ಪೂರ್ವರೂಪಗಳು

ಓದಿದ್ದರಲ್ಲಿ ಇಷ್ಟವಾದದ್ದನ್ನು ಒಂದೆಡೆ ಬರೆದಿಡುವ ಟಿಪ್ಪಣಿ ಪುಸ್ತಕಗಳು ಯೂರೋಪಿನಲ್ಲಿ ನವೋದಯ ಕಾಲದಿಂದಲೇ ರೂಢಿಯಲ್ಲಿದ್ದವು. ಇಂಥ ಪುಸ್ತಕಕ್ಕೆ ವಿಷಯಸೂಚಿ ಮಾಡುವ ಕ್ರಮವನ್ನು ತತ್ತ್ವಜ್ಞಾನಿ ಜಾನ್ ಲಾಕ್ 1686ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ. 1706ರಲ್ಲಿ ಅದು ಇಂಗ್ಲಿಷಿಗೆ ಬಂತು. 16ನೆಯ ಶತಮಾನದಲ್ಲಿ ಜರ್ಮನಿಯ ವಿಟೆನ್‌ಬರ್ಗಿನ ವಿದ್ಯಾರ್ಥಿಗಳು ಗುರುಗಳಿಂದ, ಗೆಳೆಯರಿಂದ ಹಸ್ತಾಕ್ಷರ ಮತ್ತು ಹಾರೈಕೆ ಬರೆಸಿಕೊಳ್ಳುವ ಪುಸ್ತಕ ಇಟ್ಟುಕೊಳ್ಳತೊಡಗಿದರು. ನಮ್ಮ ಶಾಲಾ ಕಾಲೇಜುಗಳ ಕೊನೆಯ ದಿನಗಳಲ್ಲಿ ಕೈಯಿಂದ ಕೈಗೆ ಓಡಾಡುವ ಆಟೋಗ್ರಾಫ್ ಪುಸ್ತಕದ ಮೂಲ ಇದೇ. 1769ರಲ್ಲಿ ಜೇಮ್ಸ್ ಗ್ರೇಂಜರ್ ಎಂಬ ಪಾದ್ರಿ ಇಂಗ್ಲೆಂಡಿನ ಗಣ್ಯರ ಚರಿತ್ರೆಯನ್ನು ಪ್ರಕಟಿಸಿದ ಮೇಲೆ, ಓದುಗರು ಬೇರೆಡೆಯಿಂದ ಚಿತ್ರಗಳನ್ನು ತಂದು ಆ ಪುಸ್ತಕದ ಹಾಳೆಗಳ ನಡುವೆ ಸೇರಿಸಿ ಮತ್ತೆ ಬೈಂಡ್ ಮಾಡಿಸುವ ಹವ್ಯಾಸ ಬೆಳೆಯಿತು. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ ಅಧಿಕಾರದಲ್ಲಿದ್ದ ವರ್ಷಗಳಲ್ಲಿ (1801–1809) ಪತ್ರಿಕೆಗಳಿಂದ ಕವಿತೆಗಳನ್ನು ಕತ್ತರಿಸಿ ಕೂಡಿಡುತ್ತಿದ್ದ, ಮೊಮ್ಮಕ್ಕಳಿಗೂ ಕಳಿಸುತ್ತಿದ್ದ.

ಭಾರತದಲ್ಲಿ ಇದಕ್ಕೆ ಹತ್ತಿರದ ಹಳೆಯ ರೂಪ ಮೊಗಲರ ಮುರಕ್ಕಾ. ಪರ್ಷಿಯನ್ ಸಂಸ್ಕೃತಿಯಿಂದ ಬಂದ ಈ ಹೆಸರಿಗೆ ತೇಪೆ ಹಾಕಿದ್ದು ಎಂದು ಅರ್ಥ. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿದಂತೆ, ಬೇರೆ ಬೇರೆ ಕಾಲದ ಚಿತ್ರ ಮತ್ತು ಸುಂದರ ಬರಹದ ಹಾಳೆಗಳನ್ನು ಒಂದೇ ಅಳತೆಯ ರಟ್ಟಿಗೆ ಅಂಟಿಸಿ, ಸುತ್ತ ಬಣ್ಣದ ಅಂಚು ಬಿಡಿಸಿ ಮುರಕ್ಕಾ ಸಿದ್ಧಪಡಿಸುತ್ತಿದ್ದರು. ಷಹಜಹಾನನ ಮಗ ದಾರಾ ಶಿಕೋ ಹೀಗೆ ಮಾಡಿಸಿದ ಒಂದು ಆಲ್ಬಮನ್ನು 1640ರ ದಶಕದಲ್ಲಿ ಹೆಂಡತಿ ನಾದಿರಾ ಬಾನುವಿಗೆ ಉಡುಗೊರೆಯಾಗಿ ಕೊಟ್ಟ. ಯಾರು ಯಾರಿಗೆ ಕೊಟ್ಟರು ಎಂಬುದು ಅದರಲ್ಲೇ ಬರೆದಿದೆ. ಆಲ್ಬಂ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೊಟ್ಟವನು ಸಿಂಹಾಸನಕ್ಕಾಗಿ ನಡೆದ ಹೋರಾಟದಲ್ಲಿ ಸೋತು ಕೊಲೆಯಾದ. ಪಡೆದವಳು ಸೋಲಿನ ನಂತರ ತಪ್ಪಿಸಿಕೊಂಡು ಓಡುವ ದಾರಿಯಲ್ಲಿ ತೀರಿಕೊಂಡಳು. ಆಲ್ಬಂ ಅವರ ಪ್ರೀತಿಗೆ ಸಾಕ್ಷಿಯಾಗಿ ಇಂದಿಗೂ ನಿಂತಿರುವುದು ಆ ಕೆಲವು ಸಾಲುಗಳ ಬಲದಿಂದ.

19ನೆಯ ಶತಮಾನ: ಬಣ್ಣದ ಚೂರುಗಳು, ಕಾಗದದ ಫೋಟೊಗಳು

ಸ್ಕ್ರ್ಯಾಪ್‌ಬುಕ್ ಮನೆಮನೆಯ ಹವ್ಯಾಸವಾಗಲು ಎರಡು ಆವಿಷ್ಕಾರಗಳು ಕಾರಣ. ಮುದ್ರಕ ಗೊಡೆಫ್ರಾ ಎಂಗೆಲ್‌ಮನ್ 1837ರಲ್ಲಿ ಪೇಟೆಂಟ್ ಪಡೆದ ಬಣ್ಣದ ಕಲ್ಲಚ್ಚಿನ ವಿಧಾನದಿಂದ ಅಗ್ಗದ ವರ್ಣಚಿತ್ರಗಳು ಪೇಟೆಗೆ ಬಂದವು. ಹೂವು, ಹಕ್ಕಿ, ಮಕ್ಕಳ ಮುಖಗಳನ್ನು ಉಬ್ಬಚ್ಚು ಹಾಕಿ, ಆಕಾರಕ್ಕೆ ತಕ್ಕಂತೆ ಕತ್ತರಿಸಿ ಮಾರುತ್ತಿದ್ದ ಹಾಳೆಗಳಿಗೇ ಸ್ಕ್ರ್ಯಾಪ್ ಎನ್ನುತ್ತಿದ್ದರು. ಇವುಗಳಲ್ಲಿ ಹೆಚ್ಚಿನವು ಜರ್ಮನಿಯಲ್ಲಿ ಅಚ್ಚಾಗುತ್ತಿದ್ದವು. ಲಂಡನ್ನಿನ ರಾಫೆಲ್ ಟಕ್ ಸಂಸ್ಥೆಯೂ ಈ ವ್ಯಾಪಾರದಲ್ಲಿ ಹೆಸರು ಮಾಡಿತು.

ಎರಡನೆಯದು ಛಾಯಾಗ್ರಹಣ. 1839ರಲ್ಲಿ ಲೋಕಕ್ಕೆ ಪ್ರಕಟವಾದ, ಡಗೇರ್ ಎಂಬಾತನ ವಿಧಾನದಲ್ಲಿ ಚಿತ್ರ ಲೋಹದ ತಗಡಿನ ಮೇಲೆ ಮೂಡುತ್ತಿತ್ತು. ಅದನ್ನು ಪುಸ್ತಕಕ್ಕೆ ಅಂಟಿಸುವಂತಿರಲಿಲ್ಲ. 1854ರಲ್ಲಿ ಪ್ಯಾರಿಸಿನ ಛಾಯಾಗ್ರಾಹಕ ಡಿಸ್ಡೇರಿ, ಭೇಟಿ ಚೀಟಿಯಷ್ಟು ಚಿಕ್ಕ ಕಾಗದದ ಫೋಟೊಗಳಿಗೆ ಪೇಟೆಂಟ್ ಪಡೆದ. ಒಂದೇ ಗಾಜಿನ ಫಲಕದಲ್ಲಿ ಹಲವು ಚಿತ್ರ ತೆಗೆಯಬಹುದಾದ್ದರಿಂದ ಬೆಲೆ ಇಳಿಯಿತು. 1860ರಲ್ಲಿ ಮೇಯಲ್ ಎಂಬ ಛಾಯಾಗ್ರಾಹಕ ವಿಕ್ಟೋರಿಯಾ ರಾಣಿಯ ಕುಟುಂಬದ ಇಂಥ ಚಿತ್ರಗಳನ್ನು ಪ್ರಕಟಿಸಿದ ಮೇಲೆ, ಅವನ್ನು ಕೂಡಿಡಲು ಕಿಂಡಿ ಕತ್ತರಿಸಿದ ದಪ್ಪ ಹಾಳೆಯ ಆಲ್ಬಂಗಳು ಬ್ರಿಟನ್ನಿನ ದಿವಾನಖಾನೆಗಳಿಗೆಲ್ಲ ಬಂದವು. ಶ್ರೀಮಂತ ಮನೆಗಳ ಹೆಂಗಸರು ಫೋಟೊದಿಂದ ಮುಖಗಳನ್ನು ಕತ್ತರಿಸಿ ಜಲವರ್ಣದ ಚಿತ್ರಗಳಿಗೆ ಅಂಟಿಸಿ ಹೊಸ ದೃಶ್ಯಗಳನ್ನು ಕಟ್ಟಿದರು. ಈ ಕಲೆಗೆ ಮೀಸಲಾದ ಪ್ರದರ್ಶನವೊಂದನ್ನು ಷಿಕಾಗೋ ಕಲಾ ಸಂಸ್ಥೆ 2009ರಲ್ಲಿ ಏರ್ಪಡಿಸಿತ್ತು.

ಅಂಟಿನ ರಗಳೆ ಆಗಲೂ ಇತ್ತು. ಸಾಹಿತಿ ಮಾರ್ಕ್ ಟ್ವೇನ್ ಸ್ವತಃ ಸ್ಕ್ರ್ಯಾಪ್‌ಬುಕ್ ಕಟ್ಟುತ್ತಿದ್ದವನು. ಮೊದಲೇ ಅಂಟು ಹಚ್ಚಿ ಒಣಗಿಸಿದ ಪುಟಗಳ ಆಲ್ಬಮಿಗೆ ಅವನು 1873ರಲ್ಲಿ ಪೇಟೆಂಟ್ ಪಡೆದ. ಪುಟಕ್ಕೆ ನೀರು ತಾಗಿಸಿ ತುಣುಕನ್ನು ಒತ್ತಿದರೆ ಸಾಕು, ಅಂಟಿಕೊಳ್ಳುತ್ತಿತ್ತು. ಅವನು ಪಡೆದ ಮೂರು ಪೇಟೆಂಟುಗಳಲ್ಲಿ ಹಣ ತಂದುಕೊಟ್ಟದ್ದು ಇದೇ.

ಪತ್ರಿಕೆಯ ತುಣುಕುಗಳ ಸಂಗ್ರಹ ಕೆಲವರಿಗೆ ಹವ್ಯಾಸವಾಗಿದ್ದರೆ ಕೆಲವರಿಗೆ ಚರಿತ್ರೆ ಕಾಪಾಡುವ ದಾರಿಯಾಯಿತು. ಫಿಲಡೆಲ್ಫಿಯಾದ ವಿಲಿಯಂ ಡಾರ್ಸೆ ಆಫ್ರಿಕನ್ ಅಮೆರಿಕನ್ನರ ಬದುಕಿನ ಸುದ್ದಿಗಳನ್ನು 400ರಷ್ಟು ಪುಸ್ತಕಗಳಲ್ಲಿ ಅಂಟಿಸಿಟ್ಟ. ನ್ಯೂಯಾರ್ಕಿನ ಅಲೆಕ್ಸಾಂಡರ್ ಗಂಬಿಯ ಇಂಥದೇ ಸಂಗ್ರಹ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದೆ. ಮಹಿಳೆಯರ ಮತದಾನದ ಹಕ್ಕಿಗಾಗಿ ದುಡಿದ ಎಲಿಜಬೆತ್ ಸ್ಮಿತ್ ಮಿಲ್ಲರ್ ಮತ್ತು ಅವರ ಮಗಳು ಆನ್ 1897ರಿಂದ 1911ರವರೆಗೆ ಕಟ್ಟಿದ ಪುಸ್ತಕಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಅಚ್ಚಿನ ಚರಿತ್ರೆ ಜಾಗ ಕೊಡದಿದ್ದವರ ಬದುಕು ಕತ್ತರಿ ಮತ್ತು ಅಂಟಿನಿಂದ ಉಳಿದುಕೊಂಡಿತು.

ಉಡುಗೊರೆಯ ಪರಂಪರೆ

ಮಕ್ಕಳ ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1859ರಲ್ಲಿ ಗೆಳೆಯ ಆಡಾಲ್ಫ್ ಡ್ರೂಸನ್ ಜೊತೆ ಸೇರಿ, ಡ್ರೂಸನ್ನನ ಮೊಮ್ಮಗಳು ಕ್ರಿಸ್ಟೀನ್ ಎಂಬ ಪುಟ್ಟ ಹುಡುಗಿಗಾಗಿ ಒಂದು ಚಿತ್ರಪುಸ್ತಕ ಕಟ್ಟಿದ. ಅಚ್ಚಿನ ಚಿತ್ರಗಳು, ತಾನೇ ಕತ್ತರಿಸಿದ ಕಾಗದದ ಆಕೃತಿಗಳು, ಅವಕ್ಕೆ ಹೊಂದುವ ಪುಟ್ಟ ಪದ್ಯಗಳು ಅದರಲ್ಲಿವೆ. ಲೋಕಕ್ಕೆಲ್ಲ ಕಥೆ ಬರೆದವನು ಒಂದೇ ಮಗುವಿಗಾಗಿ ಒಂದೇ ಪ್ರತಿ ಮಾಡಿದ್ದು ಉಡುಗೊರೆಯ ಆಲ್ಬಮಿನ ಸ್ವಭಾವವನ್ನು ಚೆನ್ನಾಗಿ ತಿಳಿಸುತ್ತದೆ. ಬ್ರಿಟನ್ನಿನ ರಾಣಿ ಅಲೆಕ್ಸಾಂಡ್ರಾ ಕೊಡಕ್ ಕ್ಯಾಮೆರಾದ ಹವ್ಯಾಸಿ. ತಾನು ತೆಗೆದ ಕುಟುಂಬದ ಫೋಟೊಗಳ ಆಲ್ಬಮನ್ನು 1908ರ ಕ್ರಿಸ್‌ಮಸ್ಸಿಗೆ ಉಡುಗೊರೆ ಪುಸ್ತಕವಾಗಿ ಅಚ್ಚು ಹಾಕಿಸಿದಳು. ಮಾರಾಟದ ಹಣ ದಾನಕ್ಕೆ ಹೋಯಿತು.

20ನೆಯ ಶತಮಾನದಿಂದ ಇಂದಿನವರೆಗೆ

ಕೊಡಕ್ ಕ್ಯಾಮೆರಾ 1888ರಲ್ಲಿ ಬಂತು. ಅದರಲ್ಲಿ 100 ಚಿತ್ರಗಳಿಗೆ ಸಾಕಾಗುವ ಸುರುಳಿ ಮೊದಲೇ ತುಂಬಿರುತ್ತಿತ್ತು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾದ ಬೆಲೆ ಒಂದೇ ಡಾಲರ್. ಸ್ಟುಡಿಯೊಗೆ ಹೋಗಿ ಮೈ ಬಿಗಿಹಿಡಿದು ಕೂರುವ ಕಾಲ ಹೋಗಿ, ಅಂಗಳದ ಆಟ, ಊಟ, ಪ್ರವಾಸಗಳ ಚಿತ್ರಗಳೂ ಮನೆಗೆ ಬಂದವು. ಕಪ್ಪು ಹಾಳೆಯ ಆಲ್ಬಂ, ಮೂಲೆ ಹಿಡಿಯುವ ಫೋಟೊ ಕಾರ್ನರ್, ಬಿಳಿ ಶಾಯಿಯ ಬರಹ ಆ ಕಾಲದ ಗುರುತು. ಶತಮಾನದ ಉತ್ತರಾರ್ಧದಲ್ಲಿ ಅಂಟು ಗೆರೆಯ ಹಾಳೆ ಮತ್ತು ಪ್ಲಾಸ್ಟಿಕ್ ಹೊದಿಕೆಯ ಆಲ್ಬಂಗಳು ಬಂದವು. ಬಳಸಲು ಸುಲಭವಾದರೂ ಇವುಗಳ ಅಂಟು ಕಾಲಕ್ರಮದಲ್ಲಿ ಹಳದಿಯಾಗಿ ಫೋಟೊಗಳನ್ನು ಕಚ್ಚಿಕೊಂಡಿತು.

ಇಂದಿನ ಸ್ಕ್ರ್ಯಾಪ್‌ಬುಕ್ ಹವ್ಯಾಸ ಅಮೆರಿಕದ ಯೂಟಾ ರಾಜ್ಯದಲ್ಲಿ ಬೇರುಬಿಟ್ಟಿತು. ವಂಶಾವಳಿಯ ದಾಖಲೆಗೆ ಮಹತ್ವ ಕೊಡುವ ಮಾರ್ಮನ್ ಪಂಥದವರು ಅಲ್ಲಿ ಹೆಚ್ಚು. ಮೇರಿಲೆನ್ ಕ್ರಿಸ್ಟೆನ್‌ಸನ್ ಎಂಬ ಗೃಹಿಣಿ 1980ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ದಾಖಲೆಗಳ ವಿಶ್ವ ಸಮ್ಮೇಳನದಲ್ಲಿ ತಮ್ಮ ಕುಟುಂಬದ 50ಕ್ಕೂ ಹೆಚ್ಚು ಆಲ್ಬಂಗಳನ್ನು ಪ್ರದರ್ಶಿಸಿದರು. 1981ರಲ್ಲಿ ಸ್ಪ್ಯಾನಿಷ್ ಫೋರ್ಕ್ ಎಂಬ ಊರಿನಲ್ಲಿ ಗಂಡನ ಜೊತೆ ಸಾಮಗ್ರಿಯ ಅಂಗಡಿ ತೆರೆದರು. 1987ರಲ್ಲಿ ಮಿನ್ನೆಸೋಟಾದಲ್ಲಿ ಆರಂಭವಾದ ಕ್ರಿಯೇಟಿವ್ ಮೆಮೊರೀಸ್ ಸಂಸ್ಥೆ, ಮನೆಗಳಲ್ಲಿ ಹೆಂಗಸರನ್ನು ಸೇರಿಸಿ ಆಲ್ಬಂ ಕಟ್ಟುವುದನ್ನು ಕಲಿಸುತ್ತ ಸಾಮಗ್ರಿ ಮಾರಿತು. 1990ರ ದಶಕದಲ್ಲಿ ಇದಕ್ಕಾಗಿಯೇ ಮಾಸಪತ್ರಿಕೆಗಳು ಬಂದವು. 12 ಅಂಗುಲ ಚೌಕದ ಹಾಳೆ ಮಾನಕ ಅಳತೆಯಾಯಿತು.

ಜಪಾನಿನಿಂದ ಬಂದ ಕೊಡುಗೆ ವಾಶಿ ಟೇಪ್, ಅಂದರೆ ಅಲಂಕಾರದ ಕಾಗದದ ಟೇಪ್. ಕುರಾಷಿಕಿ ನಗರದ ಕಾಮೊಯಿ ಎಂಬ ಕಂಪನಿ 1923ರಲ್ಲಿ ನೊಣ ಹಿಡಿಯುವ ಅಂಟುಕಾಗದ ಮಾಡುತ್ತ ಶುರುವಾಯಿತು; ಮುಂದೆ ಬಣ್ಣ ಬಳಿಯುವವರಿಗೆ ಬೇಕಾದ ಮಾಸ್ಕಿಂಗ್ ಟೇಪ್ ಮಾಡತೊಡಗಿತು. 2006ರಲ್ಲಿ ಆ ಟೇಪನ್ನು ಅಲಂಕಾರಕ್ಕೆ ಬಳಸುತ್ತಿದ್ದ ಮೂವರು ಮಹಿಳೆಯರು, ತಾವೇ ಮಾಡಿದ ಪುಸ್ತಕವನ್ನು ಕಳಿಸಿ, ಕಾರ್ಖಾನೆ ನೋಡಲು ಬರಬಹುದೇ ಎಂದು ಕೇಳಿದರು. ಅವರ ಸಲಹೆಯಿಂದ ಕಂಪನಿ ಬಣ್ಣಬಣ್ಣದ ಟೇಪುಗಳನ್ನು ತಂದಿತು. ಕೈಯಲ್ಲೇ ಹರಿಯಬಹುದಾದ, ತಪ್ಪಾದರೆ ಕಿತ್ತು ಮತ್ತೆ ಅಂಟಿಸಬಹುದಾದ ಈ ಟೇಪ್ ಹೊಸಬರಿಗೆ ದೊಡ್ಡ ಅನುಕೂಲ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಫೋಟೊ ಬಹುಕಾಲ ದುಬಾರಿ ವಸ್ತುವಾಗಿತ್ತು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ಒಂದು ಸುರುಳಿಗೆ 12 ಚಿತ್ರ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಸಂಸ್ಥೆಯ ‘ಇಂದು’ ಹೆಸರಿನ ಫಿಲಂ ಕಪ್ಪು ಬಿಳುಪಿನ ಚಿತ್ರಗಳಿಗೆ ಆಧಾರವಾಗಿತ್ತು. ಹನ್ನೆರಡರಲ್ಲಿ ಒಂದೂ ಹಾಳಾಗಬಾರದು ಎಂಬ ಎಚ್ಚರದಲ್ಲಿ ತೆಗೆದ ಆ ಚಿತ್ರಗಳನ್ನು ಮನೆಯವರು ಬಟರ್ ಪೇಪರ್ ಹಾಕಿದ ಆಲ್ಬಮಿನಲ್ಲಿಟ್ಟು, ಬೀರುವಿನಲ್ಲಿ ಸೀರೆಗಳ ಕೆಳಗೆ ಜೋಪಾನ ಮಾಡಿದರು. ಮನೆಗೆ ಬಂದ ನೆಂಟರಿಗೆ ಕಾಫಿಯ ಜೊತೆ ಮದುವೆ ಆಲ್ಬಂ ತೋರಿಸುವುದು ಉಪಚಾರದ ಭಾಗವಾಗಿತ್ತು.

ಕನ್ನಡ ನಾಡಿನಲ್ಲಿ ಸ್ಕ್ರ್ಯಾಪ್‌ಬುಕ್ ಎಂಬ ಮಾತು ಹೆಚ್ಚಿನವರಿಗೆ ಮೊದಲು ಪರಿಚಯವಾದದ್ದು ಶಾಲೆಯಲ್ಲಿ. ಸ್ವಾತಂತ್ರ್ಯ ಹೋರಾಟಗಾರರ, ಪಕ್ಷಿಗಳ, ಬೆಳೆಗಳ ಚಿತ್ರಗಳನ್ನು ಅಂಟಿಸಿ ಸಮಾಜ ವಿಜ್ಞಾನದ ಮೇಷ್ಟರಿಗೆ ತೋರಿಸುವ ಬಣ್ಣದ ಹಾಳೆಯ ಪುಸ್ತಕ ಅದು. ಮನೆಯಲ್ಲಿ ರಾಜ್‌ಕುಮಾರ್ ಚಿತ್ರಗಳ ಜಾಹೀರಾತು, ಕ್ರಿಕೆಟ್ ಆಟಗಾರರ ಫೋಟೊ, ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ಇಡುವವರಿದ್ದರು. ಧಾರಾವಾಹಿಯ ಕಂತುಗಳನ್ನು ಹೊಲಿದು ಬೈಂಡ್ ಮಾಡಿಸಿ ತವರಿನಿಂದ ಗಂಡನ ಮನೆಗೆ ಒಯ್ದವರೂ ಇದ್ದರು. ಹೊಸ ಶತಮಾನದ ಮೊದಲ ದಶಕದಲ್ಲಿ ಆರ್ಕುಟ್ ಜಾಲತಾಣದಲ್ಲಿ ಸ್ನೇಹಿತರು ಸಂದೇಶ ಬರೆಯುವ ಜಾಗಕ್ಕೂ ಸ್ಕ್ರ್ಯಾಪ್‌ಬುಕ್ ಎಂದೇ ಹೆಸರಿತ್ತು. 2014ರಲ್ಲಿ ಆ ತಾಣ ಮುಚ್ಚಿತು.

ಕೈಕೆಲಸದ ಸಾಮಗ್ರಿ ಈಗ ನಗರಗಳಲ್ಲಿ ಸುಲಭವಾಗಿ ಸಿಗುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಸುತ್ತಲಿನ ಕಾಗದದ, ಲೇಸ್ ಮತ್ತು ರಿಬ್ಬನ್ನಿನ ಅಂಗಡಿಗಳು ಹಳೆಯವು. ಬೆಂಗಳೂರಿನಲ್ಲೇ ಹುಟ್ಟಿದ ಇಟ್ಸಿ ಬಿಟ್ಸಿ ಮಳಿಗೆಗಳು ಸ್ಕ್ರ್ಯಾಪ್‌ಬುಕ್ ಸಾಮಗ್ರಿಯನ್ನೂ ಮಾರಿ ದೇಶದ ಬೇರೆ ನಗರಗಳಿಗೂ ಹಬ್ಬಿವೆ. ಚಿಕ್ಕ ಊರುಗಳಲ್ಲಿ ಪುಸ್ತಕದಂಗಡಿಯ ಚಾರ್ಟ್ ಪೇಪರ್, ದರ್ಜಿಯ ಬಳಿ ಉಳಿದ ಬಟ್ಟೆಯ ಚೂರು, ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ, ಸೀರೆಯ ಜರಿಯಂಚು ಸಾಕು. ಅಜ್ಜಿಯ ಹರಿದ ಇಳಕಲ್ ಸೀರೆಯ ಸೆರಗಿನ ತುಂಡನ್ನು ರಕ್ಷಾಪುಟಕ್ಕೆ ಹೊದಿಸಿದರೆ ಯಾವ ಅಂಗಡಿಯ ಅಲಂಕಾರವೂ ಅದಕ್ಕೆ ಸಾಟಿಯಾಗದು.

ಸಾಮಗ್ರಿಗಳು

ಸರಳ ಆಲ್ಬಮಿಗೆ ಬೇಕಾದವು ಇಷ್ಟು: 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಕ) ಅಥವಾ ಅದಕ್ಕಿಂತ ದಪ್ಪನೆಯ ಹಾಳೆಗಳು, ಎರಡು ಮೂರು ಬಣ್ಣದ ತೆಳು ಕಾಗದ, ಹರಿತವಾದ ಕತ್ತರಿ, ಕಟರ್, ಲೋಹದ ಸ್ಕೇಲ್, ಪೆನ್ಸಿಲ್, ಕಪ್ಪು ಪಿಗ್ಮೆಂಟ್ ಶಾಯಿಯ ಪೆನ್ನು, ಫೋಟೊ ಕಾರ್ನರ್, ಎರಡೂ ಬದಿ ಅಂಟುವ ಟೇಪ್. ರಿಬ್ಬನ್, ಲೇಸ್, ಚಮಕಿ, ಸ್ಟಿಕ್ಕರ್, ಪಂಚ್ ಇವೆಲ್ಲ ಇಷ್ಟವಿದ್ದರೆ ಮಾತ್ರ. ಗುಂಡಿ, ಮಣಿಯಂಥ ಉಬ್ಬಿದ ವಸ್ತುಗಳು ಎದುರಿನ ಪುಟದ ಫೋಟೊವನ್ನು ಒತ್ತಿ ಗುರುತು ಮಾಡುತ್ತವೆ. ಅವು ರಕ್ಷಾಪುಟಕ್ಕೇ ಸರಿ.

ಬಿಳಿ ಫೆವಿಕಾಲ್ ರಟ್ಟಿಗೆ, ಬಟ್ಟೆಗೆ ಒಳ್ಳೆಯದು. ತೆಳು ಕಾಗದಕ್ಕೆ ಹಚ್ಚಿದರೆ ನೀರಿನಂಶದಿಂದ ಕಾಗದ ಸುಕ್ಕಾಗುತ್ತದೆ. ಅದಕ್ಕೆ ಗ್ಲೂ ಸ್ಟಿಕ್ ವಾಸಿ. ಮನೆಯಲ್ಲಿ ಕಾಯಿಸಿದ ಮೈದಾ ಗಂಜಿ ಚೆನ್ನಾಗಿಯೇ ಅಂಟುತ್ತದೆ, ಆದರೆ ಪಿಷ್ಟದ ರುಚಿಗೆ ಜಿರಳೆ ಮತ್ತು ಕಾಗದ ತಿನ್ನುವ ಬೆಳ್ಳಿ ಹುಳು ಬರುತ್ತವೆ. ಹಳೆಯ ಬೈಂಡರುಗಳು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಫೋಟೊ ಆಲ್ಬಮಿಗೂ ಮಕ್ಕಳಿರುವ ಮನೆಗೂ ಹೊಂದದು.

ಕಾಗದ ಹಳದಿಯಾಗುವುದೇಕೆ

ಬಟ್ಟೆಯ ಚಿಂದಿಯಿಂದ ಮಾಡಿದ ಶತಮಾನಗಳ ಹಿಂದಿನ ಕಾಗದ ಇಂದಿಗೂ ಗಟ್ಟಿಯಾಗಿದೆ. ನಿನ್ನೆ ಮೊನ್ನೆಯ ಪತ್ರಿಕೆ ಬಿಸಿಲಿಗೆ ಇಟ್ಟ ವಾರದಲ್ಲಿ ಹಳದಿಯಾಗುತ್ತದೆ. 19ನೆಯ ಶತಮಾನದ ಮಧ್ಯದಿಂದ ಕಾಗದಕ್ಕೆ ಮರದ ತಿರುಳು ಬಳಕೆಗೆ ಬಂತು. ಮರದಲ್ಲಿರುವ ಲಿಗ್ನಿನ್ ಬೆಳಕು ಮತ್ತು ಗಾಳಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಶಾಯಿ ಹರಡದಂತೆ ಸೇರಿಸುತ್ತಿದ್ದ ಪಟಿಕ ಮತ್ತು ರಾಳ ಕಾಗದದಲ್ಲಿ ಆಮ್ಲ ಹುಟ್ಟಿಸಿ ಎಳೆಗಳನ್ನು ಮುರಿಯುತ್ತವೆ. ಅಮೆರಿಕದ ದಾಖಲೆ ಸಂರಕ್ಷಕ ವಿಲಿಯಂ ಬ್ಯಾರೊ 20ನೆಯ ಶತಮಾನದ ನಡುಭಾಗದಲ್ಲಿ ನಡೆಸಿದ ಪ್ರಯೋಗಗಳು ಈ ಆಮ್ಲದ ಪಾತ್ರವನ್ನು ಎತ್ತಿ ತೋರಿಸಿದವು. ಸ್ಕ್ರ್ಯಾಪ್‌ಬುಕ್ ಹಾಳೆಯ ಮೇಲೆ ಆಸಿಡ್ ಫ್ರೀ, ಲಿಗ್ನಿನ್ ಫ್ರೀ ಎಂದು ಬರೆದಿರುವುದು ಈ ಕಾರಣಕ್ಕೆ. ಇಂಥ ಹಾಳೆಗಳಿಗೆ ಆಮ್ಲವನ್ನು ತಡೆಯಲು ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸುವುದುಂಟು.

ಪ್ಲಾಸ್ಟಿಕ್ ಹೊದಿಕೆಯಲ್ಲೂ ವ್ಯತ್ಯಾಸವಿದೆ. ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಸುರಕ್ಷಿತ. ಪಿವಿಸಿ ಹಳೆಯದಾದಂತೆ ಆಮ್ಲದ ಆವಿ ಬಿಡುತ್ತದೆ. ಜಿಡ್ಡಾಗಿ ಫೋಟೊಗೆ ಅಂಟಿಕೊಳ್ಳುತ್ತದೆ. ಕಟುವಾದ ಪ್ಲಾಸ್ಟಿಕ್ ವಾಸನೆ ಬರುವ ಆಲ್ಬಮನ್ನು ಕೊಳ್ಳದಿರುವುದು ಮೇಲು. ಕಾಗದ, ಅಂಟುಗಳು ಫೋಟೊಗೆ ಹಾನಿ ಮಾಡುತ್ತವೆಯೇ ಎಂದು ನೋಡುವ ಅಂತರರಾಷ್ಟ್ರೀಯ ಪರೀಕ್ಷೆಯೊಂದಿದೆ. ಐಎಸ್‌ಒ 18916 ಅದರ ಸಂಖ್ಯೆ.

ಪತ್ರಿಕೆಯ ತುಣುಕನ್ನು ನೇರವಾಗಿ ಅಂಟಿಸುವ ಬದಲು ಒಳ್ಳೆಯ ಹಾಳೆಯಲ್ಲಿ ಅದರ ಪ್ರತಿ ತೆಗೆದು ಅಂಟಿಸಬೇಕು. ಸಾರಿಗೆ ಬಸ್ಸಿನ ಯಂತ್ರದಿಂದ ಬರುವ ಟಿಕೆಟ್, ಅಂಗಡಿಯ ಬಿಲ್ ಶಾಖದಿಂದ ಅಚ್ಚಾಗುವಂಥವು; ಕೆಲವೇ ವರ್ಷಗಳಲ್ಲಿ ಅಕ್ಷರಗಳೆಲ್ಲ ಅಳಿಸಿಹೋಗುತ್ತವೆ. ಅವನ್ನೂ ಪ್ರತಿ ತೆಗೆದೇ ಬಳಸಬೇಕು.

ಕಟ್ಟುವ ಕ್ರಮ

ಮೊದಲ ಕೆಲಸ ಒಂದೇ ವಿಷಯವನ್ನು ಹಿಡಿಯುವುದು. ಇಡೀ ಬದುಕನ್ನು ಒಂದು ಪುಸ್ತಕದಲ್ಲಿ ತುಂಬಲು ಹೊರಟವರು ಅರ್ಧಕ್ಕೇ ನಿಲ್ಲಿಸುವುದುಂಟು. ಮಗುವಿನ ಮೊದಲ ವರ್ಷ, ಅಪ್ಪನ ಷಷ್ಟ್ಯಬ್ದಿ, ಅಕ್ಕನ ಸೀಮಂತ, ಸಹೋದ್ಯೋಗಿಯ ನಿವೃತ್ತಿ, ಗೆಳತಿಯರ ಒಂದು ಪ್ರವಾಸ, ಅಜ್ಜಿಯ ಅಡುಗೆ ಇಂಥ ಒಂದು ಎಳೆ ಸಾಕು. 10 ಹಾಳೆಯ, ಅಂದರೆ 20 ಪುಟದ ಆಲ್ಬಮಿಗೆ 25ರಿಂದ 30 ಫೋಟೊ ಹಿಡಿಸುತ್ತವೆ.

ಎರಡನೆಯದು ಆಯ್ಕೆ. ಫೋನಿನಲ್ಲಿ ಸಾವಿರಾರು ಚಿತ್ರಗಳಿರುವ ಕಾಲದಲ್ಲಿ ಕಷ್ಟದ ಕೆಲಸ ಇದೇ. ಉಡುಗೊರೆಯ ಬೆಲೆ ಇರುವುದೂ ಇಲ್ಲೇ. ಎಲ್ಲರೂ ಕ್ಯಾಮೆರಾ ನೋಡಿ ನಗುವ ಚಿತ್ರ ಒಂದೆರಡಿದ್ದರೆ ಸಾಕು. ಅಡುಗೆಮನೆಯಲ್ಲಿ ಹೋಳಿಗೆ ತಟ್ಟುವ ಕೈ, ಜಗಲಿಯ ಮೇಲೆ ಪೇಪರ್ ಓದುವ ತಾತ, ಚಪ್ಪಲಿಗಳ ರಾಶಿಯಿರುವ ಮದುವೆ ಮನೆಯ ಬಾಗಿಲು ಇವು ಮನೆಯ ನಿಜವಾದ ದಿನಚರಿಯನ್ನು ಹಿಡಿದಿರುತ್ತವೆ. 4×6 ಅಂಗುಲದ ಒಳ್ಳೆಯ ಮುದ್ರಣಕ್ಕೆ 1200×1800 ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರ ಕುಗ್ಗಿರುತ್ತದೆ. ನೆಂಟರಿಂದ ಚಿತ್ರ ತರಿಸುವಾಗ ಡಾಕ್ಯುಮೆಂಟ್ ರೂಪದಲ್ಲಿ ಕಳಿಸಲು ಹೇಳಬೇಕು.

ಮನೆಯಲ್ಲಿ ಒಂದೇ ಪ್ರತಿ ಉಳಿದಿರುವ ಹಳೆಯ ಫೋಟೊವನ್ನು ಕತ್ತರಿಸಲೇಬಾರದು, ಅಂಟಿಸಲೂಬಾರದು. ಸ್ಕ್ಯಾನ್ ಮಾಡಿಸಿ ಹೊಸ ಪ್ರತಿ ಬಳಸಬೇಕು. ಹಳೆಯ ರಟ್ಟಿನ ಮೇಲಿನ ಸ್ಟುಡಿಯೊ ಹೆಸರು, ಹಿಂಬದಿಯ ಮೊಹರು ಚಿತ್ರದ ಊರು ಮತ್ತು ಕಾಲವನ್ನು ಹೇಳುವ ಸಾಕ್ಷ್ಯ. ಅದನ್ನೂ ಸ್ಕ್ಯಾನ್ ಮಾಡಬೇಕು. ಪೋಲರಾಯ್ಡ್ ಚಿತ್ರದ ಒಳಗೆ ರಾಸಾಯನಿಕ ಪದರ ಇರುವುದರಿಂದ ಅದಕ್ಕೆ ಕತ್ತರಿ ತಾಗಿಸಬಾರದು.

ಮೂರನೆಯದು ಜೋಡಣೆ. ಅಂಟು ಮುಟ್ಟುವ ಮೊದಲು ಎಲ್ಲ ಪುಟಗಳನ್ನೂ ನೆಲದ ಮೇಲೆ ಹರಡಿ, ಫೋಟೊಗಳನ್ನು ಇಟ್ಟು, ತೆಗೆದು, ಬದಲಿಸಿ ನೋಡಬೇಕು. ಪುಟಕ್ಕೊಂದು ದೊಡ್ಡ ಚಿತ್ರ, ಕೆಲವೆಡೆ ಅದರ ಬಳಿ ಚಿಕ್ಕದೊಂದು, ಬರೆಯಲು ಧಾರಾಳ ಜಾಗ ಇಷ್ಟಿದ್ದರೆ ಪುಟ ಕಣ್ಣಿಗೆ ಹಿತ. ಇಡೀ ಪುಸ್ತಕಕ್ಕೆ ಎರಡು ಮೂರು ಬಣ್ಣಗಳನ್ನು ಮಾತ್ರ ಇಟ್ಟುಕೊಂಡರೆ, ಅಭ್ಯಾಸವಿಲ್ಲದವರ ಕೆಲಸವೂ ಅಚ್ಚುಕಟ್ಟಾಗಿ ಕಾಣುತ್ತದೆ. ಫೋಟೊವನ್ನು ಕಾರ್ನರಿನಿಂದ ಕೂರಿಸಿದರೆ ಮುಂದೆಂದಾದರೂ ಹಾನಿಯಿಲ್ಲದೆ ತೆಗೆಯಬಹುದು.

ನಾಲ್ಕನೆಯದು ಬರಹ. ಹೆಸರು, ಊರು, ವರ್ಷಗಳನ್ನು ಬರೆದ ಮೇಲೆ ಚಿತ್ರ ಹೇಳಲಾಗದ ಒಂದು ಸಂಗತಿಯನ್ನು ಸೇರಿಸಬೇಕು. ಆ ದಿನ ಮಳೆ ಬಂದದ್ದು, ಆ ಸೀರೆ ಯಾರಿಂದ ಎರವಲು ತಂದದ್ದು, ಫೋಟೊ ತೆಗೆದವರು ಯಾರು. ತೆಗೆದವರು ಚಿತ್ರದಲ್ಲಿ ಇರುವುದಿಲ್ಲವಾದ್ದರಿಂದ ಅವರು ಮೊದಲು ಮರೆವಿಗೆ ಸರಿಯುತ್ತಾರೆ. ಅಪ್ಪ, ಮಾವ ಎಂದಷ್ಟೇ ಬರೆದರೆ ಮುಂದಿನ ತಲೆಮಾರಿಗೆ ಯಾರ ಅಪ್ಪ ಎಂದು ತಿಳಿಯದು. ಪೂರ್ಣ ಹೆಸರು ಬೇಕು. ಕನ್ನಡ ಮಾತನಾಡಿದರೂ ಓದಲು ಬಾರದ ಮೊಮ್ಮಕ್ಕಳು ಹೊರನಾಡಿನಲ್ಲಿ, ಹೊರದೇಶದಲ್ಲಿ ಬೆಳೆಯುತ್ತಿದ್ದಾರೆ. ಅವರಿಗೆ ಕಳಿಸುವ ಆಲ್ಬಮಿನಲ್ಲಿ ಅಜ್ಜಿಯ ಕನ್ನಡ ಕೈಬರಹವನ್ನು ಹಾಗೆಯೇ ಇಟ್ಟು, ಅದರ ಕೆಳಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ಅರ್ಥ ಬರೆಯುವುದು ಒಳ್ಳೆಯ ಕ್ರಮ.

ಬಗೆಗಳು

ಹೊಸಬರಿಗೆ ಒದಗುವ ಕೆಲವು ಸರಳ ರೂಪಗಳಿವೆ. ಜೇಬು ಆಲ್ಬಮಿನಲ್ಲಿ 4×6 ಮತ್ತು 3×4 ಅಂಗುಲದ ಪಾರದರ್ಶಕ ಜೇಬುಗಳಿರುತ್ತವೆ. ಒಂದರಲ್ಲಿ ಫೋಟೊ, ಇನ್ನೊಂದರಲ್ಲಿ ಬರೆದ ಚೀಟಿ ಹಾಕಿದರೆ ಮುಗಿಯಿತು, ಅಂಟೇ ಬೇಡ. ಮಡಿಕೆ ಆಲ್ಬಂ ಎಂದರೆ ಉದ್ದನೆಯ ಒಂದೇ ಹಾಳೆಯನ್ನು ಹಿಂದೆ ಮುಂದೆ ಮಡಿಸಿ ಎರಡು ತುದಿಗೆ ರಟ್ಟು ಕೂರಿಸಿದ್ದು. ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯನ್ನು ಹೀಗೆಯೇ ಮಡಿಸಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಕಡತ ಕರ್ನಾಟಕಕ್ಕೆ ಹಳೆಯ ಪರಿಚಯ. ಮುಚ್ಚಳ ತೆಗೆದೊಡನೆ ನಾಲ್ಕು ಬದಿಯೂ ಬಿಚ್ಚಿಕೊಳ್ಳುವ ಎಕ್ಸ್‌ಪ್ಲೋಷನ್ ಬಾಕ್ಸ್ ಯುವಜನರ ಹುಟ್ಟುಹಬ್ಬದ ಉಡುಗೊರೆಯಾಗಿ ಜನಪ್ರಿಯ. ಕಂಪ್ಯೂಟರಿನಲ್ಲಿ ಪುಟ ವಿನ್ಯಾಸ ಮಾಡಿ ಅಚ್ಚು ಹಾಕಿಸುವ ಫೋಟೊ ಪುಸ್ತಕದಿಂದ, ಅಣ್ಣ ತಮ್ಮಂದಿರೆಲ್ಲರಿಗೂ ಒಂದೊಂದು ಪ್ರತಿ ಕೊಡುವ ಅನುಕೂಲವಿದೆ. ಅದರಲ್ಲಿ ಕೈಬರಹದ ಒಂದು ಪುಟವನ್ನು ಸ್ಕ್ಯಾನ್ ಮಾಡಿ ಸೇರಿಸಿದರೆ ಕೈಬರಹವಿಲ್ಲದ ಕೊರತೆ ತುಂಬುತ್ತದೆ.

ಸಾಮಗ್ರಿಯ ಉಡುಗೊರೆ

ಪಡೆಯುವವರಿಗೇ ಕಟ್ಟುವ ಆಸೆ ಇದ್ದರೆ ಸಾಮಗ್ರಿಯ ಪೆಟ್ಟಿಗೆ ಕೊಡುವುದು ಸೂಕ್ತ. ಅಂಗಡಿಯ ಸಿದ್ಧ ಪೆಟ್ಟಿಗೆಗಳಲ್ಲಿ ಅಲಂಕಾರದ ವಸ್ತು ಹೆಚ್ಚು, ಗಟ್ಟಿ ಹಾಳೆ ಕಡಿಮೆ ಇರುವುದುಂಟು. ತಾವೇ ಆರಿಸಿ ತುಂಬಿದರೆ ಹಣವೂ ಉಳಿಯುತ್ತದೆ. ಮಕ್ಕಳಿಗಾದರೆ ಮೊಂಡು ತುದಿಯ ಕತ್ತರಿ, ಗ್ಲೂ ಸ್ಟಿಕ್, ವಾಶಿ ಟೇಪ್, ಬಣ್ಣದ ಪೆನ್ಸಿಲ್, ದಪ್ಪ ಹಾಳೆಯ ಚಿಕ್ಕ ಪುಸ್ತಕ ಸಾಕು, ಕಟರ್ ಬೇಡ. ವಯಸ್ಸಾದವರಿಗೆ ದೊಡ್ಡ ಹಿಡಿಯ ಕತ್ತರಿ, ಜೇಬು ಆಲ್ಬಂ, ದಪ್ಪ ಗೆರೆಯ ಪೆನ್ನು ಹಿತ. ಇವುಗಳ ಜೊತೆ ಅವರದೇ 20 ಫೋಟೊಗಳನ್ನು ಅಚ್ಚು ಹಾಕಿಸಿ ಇಟ್ಟರೆ ಕೆಲಸ ಅಂದೇ ಶುರುವಾಗುತ್ತದೆ. ಫೋಟೊ ಇಲ್ಲದ ಖಾಲಿ ಆಲ್ಬಂ ಖಾಲಿಯಾಗಿಯೇ ಕಪಾಟು ಸೇರುವ ಸಂಭವ ಹೆಚ್ಚು. ಅಜ್ಜನ ಬಳಿ ಮೊಮ್ಮಗಳು ಕೂತು, ಆತ ಹೇಳಿದ್ದನ್ನು ಪ್ರತಿ ಫೋಟೊದ ಪಕ್ಕದಲ್ಲಿ ಬರೆದುಕೊಂಡರೆ, ಆ ಮಧ್ಯಾಹ್ನಗಳೂ ಉಡುಗೊರೆಯ ಲೆಕ್ಕಕ್ಕೇ ಸೇರುತ್ತವೆ.

ಸಂರಕ್ಷಣೆ

ಬೆಳಕು, ತೇವ, ಬಿಸಿ, ಹುಳು ಇವು ಆಲ್ಬಮಿನ ಶತ್ರುಗಳು. ಬಣ್ಣದ ಫೋಟೊದ ವರ್ಣಗಳು ಬೆಳಕಿಗೆ ಮಾಸುತ್ತವೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಪುಟಗಳಿಗೆ ಬೂಷ್ಟು ಹಿಡಿಯುತ್ತದೆ. ಆಲ್ಬಮನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲೂ ಅಟ್ಟದ ಮೇಲೂ ಇಡದೆ, ಒಳಕೋಣೆಯ ಬೀರುವಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡುವುದು ಲೇಸು. ಓಲೆಗರಿಯ ಕಟ್ಟುಗಳಿಗೆ ಬಜೆ, ಬೇವಿನ ಎಲೆ ಇಟ್ಟು ಹುಳು ತಡೆಯುವ ಪದ್ಧತಿ ನಮ್ಮಲ್ಲಿತ್ತು. ಆಲ್ಬಮಿನ ಬಳಿ ಇಡುವುದಾದರೆ ಎಲೆ ಪೂರ್ತಿ ಒಣಗಿರಬೇಕು, ಪುಟಕ್ಕೆ ತಾಗಬಾರದು. ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ ಎಂದರೆ ವರ್ಷಕ್ಕೊಮ್ಮೆ ಒಣಹವೆಯ ದಿನ ನೋಡಿ ಪುಸ್ತಕ ತೆರೆದು ಎಲ್ಲರೂ ಕೂತು ನೋಡುವುದು. ಗಾಳಿಯಾಡುತ್ತದೆ, ಹುಳು ಬಿದ್ದಿದ್ದರೆ ಕಣ್ಣಿಗೆ ಬೀಳುತ್ತದೆ, ಮರೆತ ಹೆಸರುಗಳು ಮತ್ತೆ ಬಾಯಿಗೆ ಬರುತ್ತವೆ.

ಕೊನೆಯ ಪುಟ

ಆಲ್ಬಂ ಕಟ್ಟಿದವರು ಮರೆಯುವ ಪುಟವೊಂದಿದೆ. ಕನ್ನಡದ ಓಲೆಗರಿಗಳನ್ನು ಪ್ರತಿ ಮಾಡಿದ ಲಿಪಿಕಾರರು ಕೃತಿ ಮುಗಿದ ಮೇಲೆ ಸಂವತ್ಸರ, ಮಾಸ, ತಿಥಿ, ಬರೆಸಿದವರ ಮತ್ತು ಬರೆದವರ ಹೆಸರುಗಳನ್ನು ಕೊನೆಗೆ ಸೇರಿಸುತ್ತಿದ್ದರು. ಎಷ್ಟೋ ಪ್ರತಿಗಳ ಕಾಲವನ್ನು ವಿದ್ವಾಂಸರು ಗುರುತಿಸಿದ್ದು ಆ ಸಾಲುಗಳಿಂದ. ದಾರಾ ಶಿಕೋವಿನ ಆಲ್ಬಂ ಯಾರು ಯಾರಿಗೆ ಕೊಟ್ಟದ್ದು ಎಂದು ಇಂದು ತಿಳಿಯುವುದೂ ಅಂಥದೇ ಬರಹದಿಂದ. ಉಡುಗೊರೆಯ ಸ್ಕ್ರ್ಯಾಪ್‌ಬುಕ್ಕಿಗೂ ಈ ಪದ್ಧತಿ ಸಲ್ಲುತ್ತದೆ: ಕಟ್ಟಿದವರು ಯಾರು, ಯಾರಿಗಾಗಿ, ಯಾವ ಊರಿನಲ್ಲಿ, ಯಾವ ದಿನ ಮುಗಿಯಿತು ಎಂದು ಕೊನೆಯ ಪುಟದಲ್ಲಿ ಸ್ವಂತ ಕೈಯಿಂದ ಬರೆದು ಸಹಿ ಮಾಡುವುದು.